ಮುಖ ಬಿಡಿ, ಬಾವುಟ ಎಣಿಸಿ

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳು ಒಂದು ರೋಮನ್ ಕಂಚಿನ ನಾಣ್ಯ ಕೊಂಡಿದ್ದಾಳೆ. ಅಗಲ 16 ಮಿ.ಮೀ. ಒಂದು ಕಡೆ ರಾಜನ ತಲೆ. ಸುತ್ತಲಿನ ಬರಹ ‘ಕಾನ್‌ಸ್ಟಾಂಟಿ’ ತನಕ ಓದಬಹುದು, ಆಮೇಲೆ ಸವೆದಿದೆ. ಕೊನೆಗೆ ಎ, ವಿ, ಜಿ. ಇನ್ನೊಂದು ಕಡೆ ಇಬ್ಬರು ಸೈನಿಕರು, ನಡುವೆ ಒಂದು ಬಾವುಟ. ಇದು ಕಾನ್‌ಸ್ಟಾಂಟೈನ್ ಚಕ್ರವರ್ತಿಯದೇನಾ? ಹುಣಸೆಹಣ್ಣು ಹಾಕಿ ಉಜ್ಜು ಅಂತ ಹೇಳಿದ್ದೇನೆ, ಸರಿ ತಾನೇ?

ಉತ್ತರ: ಮೊದಲು ಮಗಳಿಗೆ ಫೋನ್ ಮಾಡಿ, ಹುಣಸೆಹಣ್ಣು ಬೇಡ ಅನ್ನಿ. ದೇವರ ಸಾಮಾನಿಗೆ ಅದು ಸರಿ. ಇಲ್ಲಿ ಹಳೇ ಕಿಲುಬಿನ ಪದರದಲ್ಲೇ ಅಕ್ಷರ ಉಳಿದಿರುತ್ತದೆ. ಹುಳಿ ಆ ಪದರ ತಿಂದರೆ ಅಕ್ಷರವೂ ಹೋಯಿತು. ಶುರುವಿನಲ್ಲಿ ನಾನೂ ಒಂದನ್ನು ಹೀಗೇ ಫಳಫಳ ಮಾಡಿದ್ದೆ. ಈಗ ಅದು ಬರೀ ಬಿಲ್ಲೆ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ ನೆನೆಸಿ, ಟೂತ್‌ಪಿಕ್‌ನಿಂದ ಮೆಲ್ಲಗೆ ಬಿಡಿಸಲಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಹುಷಾರು. ಅದಕ್ಕೆ ಕಂಚಿನ ರೋಗ ಅಂತಾರೆ. ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನೇ ತಿನ್ನುತ್ತವೆ. ಅಂಥದ್ದನ್ನು ಬೇರೆಯಾಗಿ, ಒಣ ಡಬ್ಬಿಯಲ್ಲಿ ಇಡಬೇಕು.

ಇನ್ನು ಯಾರ ನಾಣ್ಯ ಅನ್ನೋದು. ಮುಖ ನೋಡಿ ಹೇಳೋಕೆ ಆಗಲ್ಲ. ಆ ಕಾಲದ ಅಚ್ಚು ಕೆತ್ತುವವರು ಅಪ್ಪ ಕಾನ್‌ಸ್ಟಾಂಟೈನ್‌ಗೂ ಅವನ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ಮುಖ ಕೊಟ್ಟಿದ್ದಾರೆ. ಬಾವುಟ ಎಣಿಸಿ. ಕ್ರಿ.ಶ. 330ರಿಂದ ಸುಮಾರು 335ರವರೆಗೆ ಸೈನಿಕರ ನಡುವೆ ಎರಡು ಬಾವುಟ ಇದ್ದವು. ಆಮೇಲೆ ನಾಣ್ಯದ ತೂಕ ಇಳಿಸಿದರು. ಅಗಲ ಕುಗ್ಗಿತು, ಬಾವುಟವೂ ಒಂದಾಯಿತು. ಹಾಗಾಗಿ ನಿಮ್ಮದು 335ರ ಆಚೀಚಿನಿಂದ ಶುರುವಾದ ಬಗೆ.

ಎ, ವಿ, ಜಿ ಅಂದರೆ ಅಗಸ್ಟಸ್, ಪೂರ್ಣ ಅಧಿಕಾರದ ಚಕ್ರವರ್ತಿ. ಕಾನ್‌ಸ್ಟಾಂಟೈನ್ ತೀರಿಕೊಂಡದ್ದು 337ರ ಮೇ ತಿಂಗಳಲ್ಲಿ. ಮೂವರು ಮಕ್ಕಳು ಅಗಸ್ಟಸ್ ಆದದ್ದು ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮೊದಲು ಅವರು ಬರೀ ಸೀಸರ್‌ಗಳು, ಅಂದರೆ ಅಗಸ್ಟಸ್‌ಗಿಂತ ಕೆಳಗಿನ ಪದವಿಯವರು. ಅವರಲ್ಲಿ ಕಾನ್‌ಸ್ಟಾನ್ಸ್ ಹೆಸರಿನಲ್ಲಿ ‘ಕಾನ್‌ಸ್ಟಾನ್’ ಆದಮೇಲೆ ‘ಎಸ್’ ಬರುತ್ತದೆ, ‘ಟಿ’ ಅಲ್ಲ. ಅವನನ್ನು ಬಿಡಿ. ಉಳಿದವರು ಅಪ್ಪ, ಅಪ್ಪನ ಹೆಸರೇ ಇರುವ ಮಗ, ಮತ್ತು ಕಾನ್‌ಸ್ಟಾಂಟಿಯಸ್. ಸವೆದ ಜಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಲಿ. ‘ಐ’ ಆದಮೇಲೆ ನೇರ ‘ವಿ’ ಬಂದರೆ ಕಾನ್‌ಸ್ಟಾಂಟಿಯಸ್, ಅಂದರೆ 337ರ ಸೆಪ್ಟೆಂಬರ್ ನಂತರದ್ದು. ನಡುವೆ ‘ಎನ್’ ಇದ್ದರೆ ಅಪ್ಪ ಅಥವಾ ಮಗ. ಜೊತೆಗೆ ಎಂ, ಎ, ಎಕ್ಸ್ ಕಂಡರೆ ಹೆಚ್ಚಾಗಿ ಅಪ್ಪನದೇ.

ಸೈನಿಕರ ಕಾಲ ಕೆಳಗೂ ಸಣ್ಣ ಅಕ್ಷರ ಇರುತ್ತವೆ, ಅವು ಟಂಕಸಾಲೆಯ ಗುರುತು. ಎಸ್, ಎಂ, ಎ, ಎನ್ ಅಂದರೆ ಆಂಟಿಯೋಕ್, ಈಗಿನ ತುರ್ಕಿಯ ಅಂತಾಕ್ಯ. ಟಿ, ಆರ್ ಅಂದರೆ ಜರ್ಮನಿಯ ಟ್ರಿಯರ್. ಆ ಜಾಗದ ಒಂದು ಫೋಟೊ ಕಳಿಸೋಕೆ ಮಗಳಿಗೆ ಹೇಳಿ, ಊರು ಯಾವುದು ಅಂತ ನೋಡೋಣ.