ಟೀವಿ ಕಾಮಿಡಿಯಲ್ಲಿ ಗಂಡಸರು ಸೀರೆ ಉಟ್ಟು ನಗಿಸಿದರೆ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಯಾಕೆ ನೋವು? ಯಕ್ಷಗಾನದಲ್ಲೂ ಅದೇ ಇದೆಯಲ್ಲ?

ಎರಡೂ ಒಂದೇ ಅಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷಧಾರಿ ದಮಯಂತಿಯಾಗಿ ಬಂದರೆ ನಮಗೆ ಕಾಣುವುದು ದಮಯಂತಿಯೇ. ವೇಷದೊಳಗೆ ಗಂಡಸಿದ್ದಾನೆ ಅನ್ನುವುದು ಅಲ್ಲಿ ನಗುವ ವಿಷಯವೇ ಅಲ್ಲ. ಟೀವಿ ಸ್ಕಿಟ್‌ಗಳಲ್ಲಿ ಎಷ್ಟೋ ಸಲ ಅದೊಂದೇ ಜೋಕು. ಹುಡುಗಿ ಅಂದುಕೊಂಡು ಒಬ್ಬ ಹತ್ತಿರ ಬರುತ್ತಾನೆ, ಗಡಸು ದನಿ ಕೇಳುತ್ತದೆ, ಅಸಹ್ಯಪಟ್ಟು ಓಡುತ್ತಾನೆ. ಎಲ್ಲರೂ ನಗುತ್ತಾರೆ. ಆ ಪಾತ್ರಕ್ಕೆ ಮನೆಯಿಲ್ಲ, ಕೆಲಸವಿಲ್ಲ, ಎಷ್ಟೋ ಸಲ ಹೆಸರೂ ಇಲ್ಲ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ನಿಜವಾದ ಟ್ರಾನ್ಸ್ ಹೆಂಗಸೊಬ್ಬಳನ್ನು ಕಂಡಾಗ ಹುಡುಗರ ಬಾಯಲ್ಲಿ ಬರುವುದು ಅದೇ ಡೈಲಾಗು, ಅದೇ ಚಪ್ಪಾಳೆ. ನನ್ನ ಸಿಟ್ಟು ಇರುವುದು ಇಲ್ಲಿ.

ಇದು ನಮ್ಮಲ್ಲಷ್ಟೇ ಇರುವುದೂ ಅಲ್ಲ. ಅಮೆರಿಕದ ‘ಫ್ರೆಂಡ್ಸ್’ ಧಾರಾವಾಹಿಯಲ್ಲಿ ಚಾಂಡ್ಲರ್ ಎಂಬ ಪಾತ್ರದ ಹೆತ್ತವರಲ್ಲಿ ಒಬ್ಬರು ಟ್ರಾನ್ಸ್ ಮಹಿಳೆ. ಆದರೂ ಅವರನ್ನು ‘ಅಪ್ಪ’ ಎಂದೇ ಕರೆದು ನಗಿಸಿದರು. ಅದು ತಪ್ಪಾಯಿತೆಂದು ಆ ಧಾರಾವಾಹಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಮಾರ್ಟಾ ಕಾಫ್‌ಮನ್ 2022ರಲ್ಲಿ ಒಪ್ಪಿಕೊಂಡರು.

ಹಾಗಂತ ನಗುವೇ ಬೇಡ ಅನ್ನುತ್ತಿಲ್ಲ. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದ ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ, ಸೆರಗು ಹಿಡಿದು ರಾಷ್ಟ್ರಪತಿಯವರಿಗೇ ದೃಷ್ಟಿ ತೆಗೆದರು. ನೋಡಿದವರ ಮುಖದಲ್ಲಿ ನಗು ಅರಳಿತು. ಆ ನಗುವಿನಲ್ಲಿ ಯಾರ ಅವಮಾನವೂ ಇರಲಿಲ್ಲ. ಅಂಥ ಕಲಾವಿದರು ನಮ್ಮಲ್ಲೇ ಇರುವಾಗ ಚಾನೆಲ್‌ಗಳು ಅವರಿಂದಲೇ ಸ್ಕಿಟ್ ಬರೆಸಲಿ, ಅವರಿಗೇ ಪಾತ್ರ ಕೊಡಲಿ.