ಎರಡನೇ ಸುತ್ತು ಆಡಬೇಕಾ?

ಪ್ರಶ್ನೆ: ಸರ್, 1986ರ ಮೊದಲ ಜೆಲ್ಡಾ ವಿಡಿಯೋ ಗೇಮ್ ಮುಗಿಸಿದೆ. ಈಗ ಇನ್ನೂ ಕಷ್ಟದ ಎರಡನೇ ಸುತ್ತು ಬಂದಿದೆ. ಆಡೋದಕ್ಕೆ ಅರ್ಥ ಇದೆಯಾ, ಅಥವಾ ಸುಮ್ನೆ ಎಳೆದಿದ್ದಾರಾ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆಡಿ ತಮ್ಮಾ. ಅಲ್ಲಿ ಶತ್ರುಗಳ ಬಲ ಹೆಚ್ಚಿಸಿ ಕೈ ತೊಳೆದುಕೊಂಡಿಲ್ಲ. ನೆಲಮಾಳಿಗೆಗಳ ನಕ್ಷೆಯೇ ಬೇರೆ, ಹಲವುಗಳ ಬಾಗಿಲೂ ಬೇರೆ ಕಡೆ. ಕೆಲವು ಗೋಡೆಗಳೊಳಗೆ ಹಾಗೇ ನುಗ್ಗಬಹುದು! ಇದು ಹುಟ್ಟಿದ್ದೂ ಎಡವಟ್ಟಿನಿಂದಲೇ. ನೆಲಮಾಳಿಗೆಗಳೆಲ್ಲ ಆಟದ ಮೆಮೊರಿಯಲ್ಲಿ ಮೀಸಲಿಟ್ಟ ಜಾಗದ ಅರ್ಧದಲ್ಲೇ ಮುಗಿದುಹೋದವು. ಉಳಿದರ್ಧದಲ್ಲಿ ಇದನ್ನು ಮಾಡಿದರು.

ನಮ್ಮ ಧಾರವಾಡದಲ್ಲೂ ಹಾಗೇ ಅಲ್ವಾ? ಗೊತ್ತಿದ್ದ ಓಣಿಯಲ್ಲೇ ರಸ್ತೆ ಅಗೆದರೆ ಮನೆಗೆ ಹೊಸ ದಾರಿ ಹುಡುಕಬೇಕು.

ಆದರೆ ನನಗೆ ಸಿಟ್ಟು ಬಂದದ್ದು ಈ ಸುತ್ತಿನ ಕೆಂಪು ಬಬಲ್ ಎಂಬ ತಲೆಬುರುಡೆ ಶತ್ರುವಿನ ಮೇಲೆ. ಅದು ತಾಗಿದರೆ, ನೀಲಿ ಬಬಲ್ ಮುಟ್ಟುವವರೆಗೆ ಕತ್ತಿ ಬೀಸೋಕೇ ಆಗಲ್ಲ. ಒಂದು ರಾತ್ರಿ ನೀಲಿ ಹುಡುಕುತ್ತಾ ಕೋಣೆ ಕೋಣೆ ಅಲೆದೆ. ಒಲೆ ಮೇಲಿದ್ದ ಚಹಾ ಉಕ್ಕಿ ಹೋಯಿತು. ಇಂಥದ್ದು ನನಗೆ ಜಾಸ್ತಿ ಆಯಿತು.

ಇನ್ನೊಂದು ಜೆಲ್ಡಾ ಆಟ ಒಕರಿನಾ ಆಫ್ ಟೈಮ್‌ನ ಕಷ್ಟದ ಆವೃತ್ತಿ ಮಾಸ್ಟರ್ ಕ್ವೆಸ್ಟ್‌ನಲ್ಲಂತೂ, ನೆಲಮಾಳಿಗೆಯಂತೆ ಆಡುವ ದೊಡ್ಡ ಮೀನಿನ ಹೊಟ್ಟೆಯ ಗೋಡೆಯಲ್ಲಿ ಹಸುಗಳು ಸಿಕ್ಕಿಕೊಂಡಿವೆ. ಅವೇ ಸ್ವಿಚ್ಚು! ಅದು ಕಷ್ಟವೋ ತಮಾಷೆಯೋ, ಆಡಿ ನೀವೇ ಪತ್ರ ಬರೆಯಿರಿ.