ವಾಹನ ಪ್ರಶ್ನೋತ್ತರ: ಬಯಲಲ್ಲಿ ನಿಂತ ಕ್ಯಾರವಾನ್‌ನ ಮೈಬಣ್ಣ

ಈ ಸಲ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಐದು ಪತ್ರಗಳು ಒಂದೇ ವಿಷಯವನ್ನು, ಬಯಲಲ್ಲಿ ನಿಂತ ವಾಹನದ ಮೈ ಕಾಪಾಡುವುದನ್ನು, ಕುರಿತಿರುವುದರಿಂದ ಅವುಗಳಿಗೆ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಮಲಗಲು ಮತ್ತು ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಪ್ರವಾಸಿ ವಾಹನವನ್ನು ಕೆಲವರು ಮೋಟಾರ್ ಹೋಮ್ ಎಂದೂ ಕೆಲವರು ಕ್ಯಾಂಪರ್ ಎಂದೂ ಬರೆದಿದ್ದಾರೆ. ಇಲ್ಲಿ ಎಲ್ಲವನ್ನೂ ಕ್ಯಾರವಾನ್ ಎಂದೇ ಕರೆದಿದ್ದೇನೆ.

ಪ್ರಶ್ನೆ: ನಿವೃತ್ತಿಯಾದ ಮೇಲೆ ತಿರುಗಾಡಲೆಂದು ಎಂಟು ವರ್ಷ ಹಳೆಯದಾದ, ತಿಳಿನೀಲಿ ಬಣ್ಣದ, ಫೈಬರ್ ಮೈಯ ಕ್ಯಾರವಾನ್ ಒಂದನ್ನು ಕೊಂಡೆವು. ಪಡುವಣ ಬಿಸಿಲು ಬೀಳುವ ಮಗ್ಗುಲಿಗೆ ಕೈಯಾಡಿಸಿದರೆ ಸುಣ್ಣದ ಗೋಡೆ ಮುಟ್ಟಿದಂತೆ ಅಂಗೈಗೆ ಪುಡಿ ಹತ್ತುತ್ತದೆ. ಒಬ್ಬ ಪೇಂಟರ್ ಪೂರ್ತಿ ಬಣ್ಣ ಹೊಡೆಸಬೇಕು ಎನ್ನುತ್ತಾರೆ, ಇನ್ನೊಬ್ಬರು ವ್ಯಾಕ್ಸ್ ಹಚ್ಚಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಮೊದಲು ಒಂದು ಚೊಂಬು ನೀರು ತೆಗೆದುಕೊಂಡು ಆ ಮಗ್ಗುಲಿಗೆ ಎರಚಿ ನೋಡಿ. ಒದ್ದೆಯಾದ ಜಾಗದಲ್ಲಿ ಹಳೆಯ ನೀಲಿ ಗಾಢವಾಗಿ ಮರಳಿ ಬಂದು, ಒಣಗಿದ ಕೂಡಲೇ ಮತ್ತೆ ಮಂಕಾದರೆ, ಕೆಟ್ಟಿರುವುದು ಮೇಲಿನ ಪದರ ಮಾತ್ರ ಎಂದು ತಿಳಿಯಬಹುದು.

ಫೈಬರ್ ಮೈಯ ಹೊರಪದರವನ್ನು ಜೆಲ್‌ಕೋಟ್ ಎನ್ನುತ್ತಾರೆ. ಅಚ್ಚಿನಲ್ಲಿ ಮೈ ತಯಾರಾಗುವಾಗಲೇ ಬಣ್ಣ ಬೆರೆಸಿದ ರಾಳವನ್ನು ಮೊದಲ ಪದರವಾಗಿ ಹಚ್ಚಿ, ಅದರ ಬೆನ್ನಿಗೆ ಗಾಜಿನ ನಾರನ್ನು ಕೂರಿಸುತ್ತಾರೆ. ಈ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಕ್ಲಿಯರ್‌ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಅಂದರೆ ಜೆಲ್‌ಕೋಟಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಬಿಸಿಲಿನ ನೇರಳಾತೀತ ಕಿರಣಗಳು ರಾಳದ ಕೊಂಡಿಗಳನ್ನು ಕಡಿಯುತ್ತಾ ಹೋದಂತೆ, ಅದು ಹಿಡಿದಿಟ್ಟುಕೊಂಡಿದ್ದ ಬಣ್ಣದ ಕಣಗಳು ಆಸರೆ ತಪ್ಪಿ ಪುಡಿಯಾಗುತ್ತವೆ. ನಿಮ್ಮ ಅಂಗೈಗೆ ಹತ್ತುವುದು ಧೂಳಲ್ಲ, ವಾಹನದ ಮೈಯೇ. ಪೇಂಟರ್‌ಗಳು ಇದಕ್ಕೆ ಚಾಕಿಂಗ್ ಎನ್ನುತ್ತಾರೆ. ಸತ್ತ ಈ ಪುಡಿಯ ಮೇಲೆ ವ್ಯಾಕ್ಸ್ ಹಚ್ಚಿದರೆ ವಾರದ ಮಟ್ಟಿಗೆ ಹೊಳೆಯುತ್ತದೆ, ಆಮೇಲೆ ಪುಡಿಯ ಸಮೇತ ತೊಳೆದುಹೋಗುತ್ತದೆ.

ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಒಂದು ಅಡಿ ಚೌಕದಷ್ಟು ಜಾಗವನ್ನು ತೊಳೆದು ಒಣಗಿಸಿ, ಮೇಲ್ಪದರವನ್ನು ತುಸುವೇ ಸವೆಸಿ ಹೊಳಪು ಕೊಡುವ, ನಯವಾದ ರಬ್ಬಿಂಗ್ ಕಾಂಪೌಂಡಿನಿಂದ ಕೈಯಲ್ಲೇ ಉಜ್ಜಿ ನೋಡಿ. ಹೊಳಪು ಬಂದರೆ ಇಡೀ ಮಗ್ಗುಲನ್ನು ಹೀಗೆಯೇ ಉಳಿಸಿಕೊಳ್ಳಬಹುದು. ಉಜ್ಜಿದಾಗ ಗೋಣಿತಟ್ಟಿನಂತೆ ನಾರಿನ ನೇಯ್ಗೆ ಕಂಡರೆ ಜೆಲ್‌ಕೋಟ್ ತೀರಿತು ಎಂದರ್ಥ. ಆಗ ಎರಡು ಭಾಗ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಬಣ್ಣವೇ ಗತಿ, ಮೊದಲ ಪೇಂಟರ್ ಹೇಳಿದ್ದೇ ಸರಿ. ಉಜ್ಜುವ ಕೆಲಸವನ್ನು ಮೈ ತಣ್ಣಗಿರುವಾಗ, ಬೆಳಗಿನ ಎಂಟು ಗಂಟೆಯೊಳಗೆ, ಎರಡೆರಡು ಅಡಿಯ ತುಂಡುಗಳಾಗಿ ಮಾಡಿ ಮುಗಿಸಿ. ಬಾಗಿಲಂಚು ಮತ್ತು ಮೂಲೆಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ. ಉಜ್ಜಿದ ದಿನವೇ ರಕ್ಷಣೆಯ ಲೇಪ ಹಚ್ಚಬೇಕು, ಏಕೆಂದರೆ ಕಾಂಪೌಂಡ್ ಹಳೆಯ ಪದರವನ್ನು ಕಿತ್ತು ಹೊಸ ಮೈಯನ್ನು ಬಿಸಿಲಿಗೆ ಬಿಟ್ಟಿರುತ್ತದೆ. ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೋಬಾ ಮೇಣ ಚೆಂದ ಕಾಣುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಮೇಣದ ಬದಲು ಹಚ್ಚುವ ಕೃತಕ ಲೇಪವಾದ ಪಾಲಿಮರ್ ಸೀಲೆಂಟ್ ನಾಲ್ಕಾರು ತಿಂಗಳು ನಿಲ್ಲುತ್ತದೆ. ನಾನಾದರೆ ಎರಡನೆಯದನ್ನು ಯುಗಾದಿಯ ಹೊತ್ತಿಗೊಮ್ಮೆ, ದಸರಾ ಹೊತ್ತಿಗೊಮ್ಮೆ ಹಚ್ಚುತ್ತೇನೆ.

ನಿಲ್ಲಿಸುವ ದಿಕ್ಕಿನ ಬಗ್ಗೆಯೂ ಒಂದು ಮಾತು. ನಿಮ್ಮ ಊರು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವೇಳೆಗೆ, ಭರಣಿ ಮಳೆ ಹುಟ್ಟುವ ದಿನಗಳಲ್ಲಿ, ಮತ್ತು ಮತ್ತೊಮ್ಮೆ ಆಗಸ್ಟ್ ನಡುವಿನಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಆಗ ಪೆಟ್ಟು ತಿನ್ನುವುದು ಛಾವಣಿ. ಡಿಸೆಂಬರ್–ಜನವರಿಯಲ್ಲಿ ಅವನು ತೆಂಕಣಕ್ಕೆ ಜಾರಿ, ದಕ್ಷಿಣದ ಮಗ್ಗುಲು ದಿನವಿಡೀ ಸುಡುತ್ತದೆ. ಒಂದೇ ಕಡೆ ತಿಂಗಳುಗಟ್ಟಲೆ ನಿಲ್ಲಿಸುವವರು ಎರಡು ತಿಂಗಳಿಗೊಮ್ಮೆ ವಾಹನವನ್ನು ತಿರುಗಿಸಿ ನಿಲ್ಲಿಸಿದರೆ ಒಂದೇ ಮಗ್ಗುಲು ಸವೆಯುವುದು ತಪ್ಪುತ್ತದೆ, ಕಾಸಿನ ಖರ್ಚೂ ಇಲ್ಲ.

ಪ್ರಶ್ನೆ: ನಮ್ಮದು ತಗಡಿನ ಮೈಯ, ಕಡುಗೆಂಪು ಬಣ್ಣದ ಕ್ಯಾರವಾನ್. ಶೆಡ್ ಇಲ್ಲ. ದಿನವೂ ಬೆಳಿಗ್ಗೆ ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಹಗಲು ಹೊತ್ತು ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಕಟ್ಟುತ್ತೇವೆ. ಇಷ್ಟು ಜತನ ಮಾಡಿದರೂ ಬಿಸಿಲಿನಲ್ಲಿ ನೋಡಿದರೆ ಮೈತುಂಬ ಜೇಡರಬಲೆಯಂಥ ಗೀರುಗಳು. ನೀರಿನ ಅಭಾವವಿರುವುದರಿಂದ ತಿಂಗಳಿಗೊಮ್ಮೆ ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತೇವೆ, ಅದೂ ಬಿಳಿ ಕಲೆ ಬಿಡುತ್ತದೆ.
– ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ನಿಮ್ಮ ಜತನವೇ ಆ ಗೀರುಗಳಿಗೆ ಕಾರಣ ಎಂದು ಹೇಳಲು ಸಂಕೋಚವಾಗುತ್ತದೆ. ಆದರೆ ನಾನು ಈ ಭಾಗದಲ್ಲಿ ನೋಡಿರುವ ವಾಹನಗಳಲ್ಲಿ ಹೊಳಪನ್ನು ಬಿಸಿಲಿಗಿಂತ ಹೆಚ್ಚಾಗಿ ತಿಂದಿರುವುದು ಬೆಳಗಿನ ಒಣಬಟ್ಟೆ. ನಿಮ್ಮ ಕೋಟೆಯ ಬಂಡೆಗಳು ಗ್ರಾನೈಟ್ ಜಾತಿಯವು. ಅವು ಸವೆದು ಆದ ಧೂಳಿನಲ್ಲಿ ಬೆಣಚಿನ, ಅಂದರೆ ಕ್ವಾರ್ಟ್ಜ್‌ನ, ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚಿಗೆ 7, ಚಾಕುವಿನ ಉಕ್ಕಿಗೆ ಸುಮಾರು 5.5, ನಮ್ಮ ಉಗುರಿಗೆ 2.5. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರ ಮತ್ತು ಬಣ್ಣದ ನಡುವೆ ಸಿಕ್ಕಿದ ಕಣ ಮೆತ್ತಗಿರುವುದಿಲ್ಲ. ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳ ಬಳಿ ವಾಸಿಸುವವರಿಗೂ ಇದೇ ಮಾತು: ಗಾಳಿಯಲ್ಲಿ ತೇಲಿ ಬರುವ ಭತ್ತದ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಅದನ್ನು ಒಣದಾಗಿ ಒರೆಸುವುದು ಉಪ್ಪುಕಾಗದದಿಂದ ಒರೆಸಿದ ಹಾಗೆಯೇ.

ಧೂಳು ಕೂತಿದ್ದರೆ ಕೂತಿರಲಿ, ಅದರಿಂದ ಬಣ್ಣಕ್ಕೆ ಹಾನಿಯಿಲ್ಲ. ಒರೆಸಲೇಬೇಕೆಂದಿದ್ದರೆ ಮೊದಲು ನೀರಿನಿಂದ ಧೂಳನ್ನು ಇಳಿಸಬೇಕು. ನೀರು ಕಡಿಮೆ ಇರುವವರಿಗೆ ನಾನು ಹೇಳುವ ಉಪಾಯವೆಂದರೆ ಹೊಲಕ್ಕೆ ಔಷಧಿ ಹೊಡೆಯುವ, ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಸ್ಪ್ರೇಯರ್. ಅದನ್ನು ಹೊಸದಾಗಿಯೇ ಕೊಳ್ಳಿ. ಕಳೆನಾಶಕ ಹೊಡೆದ ಹಳೆಯ ಡಬ್ಬಿಯನ್ನು ಎಷ್ಟು ತೊಳೆದರೂ ನಾನು ನಂಬುವುದಿಲ್ಲ. ಒಂದು ಡಬ್ಬಿ ನೀರಿನಿಂದ ಮೇಲಿನಿಂದ ಕೆಳಕ್ಕೆ ಧೂಳಿಳಿಸಿ, ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ವಾಹನದ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಪ್ರತಿ ಸಲವೂ ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ನಂತರವೇ ಶಾಂಪೂ ನೀರಿಗೆ ಅದ್ದಬೇಕು. ಸುತ್ತಿ ಸುತ್ತಿ ಉಜ್ಜದೆ ನೇರ ಗೆರೆಯಲ್ಲಿ ಎಳೆಯಿರಿ. ಬಟ್ಟೆ ಒಗೆಯುವ ಪುಡಿ ಕ್ಷಾರಗುಣದ್ದಾಗಿರುವುದರಿಂದ ಹಚ್ಚಿದ ವ್ಯಾಕ್ಸನ್ನೆಲ್ಲ ಕಿತ್ತುಹಾಕುತ್ತದೆ. ಸರ್ವೀಸ್ ಸ್ಟೇಷನ್‌ಗಳಲ್ಲಿ ತೊಳೆದಾದ ಮೇಲೆ ಡೀಸೆಲ್ ಹೊಡೆದು ಮಿರುಗಿಸಿ ಕೊಡುವ ವಾಡಿಕೆಯಿದೆ. ಆ ಎಣ್ಣೆ ಸಂಜೆಯೊಳಗೆ ಹೆದ್ದಾರಿಯ ಧೂಳನ್ನೆಲ್ಲ ಮೈಗೆ ಅಂಟಿಸುತ್ತದೆ, ಕಿಟಕಿಯ ರಬ್ಬರನ್ನು ಉಬ್ಬಿಸುತ್ತದೆ, ಬೇಡವೆಂದು ಮೊದಲೇ ಹೇಳಿಬಿಡಿ.

ಬಿಳಿ ಕಲೆ ಗಡಸು ನೀರಿನ ಸುಣ್ಣದ್ದು. ನೀರು ಮೈಮೇಲೆ ತಾನಾಗಿ ಆರಲು ಬಿಟ್ಟರೆ ನೀರು ಹಾರಿ ಸುಣ್ಣ ಉಳಿಯುತ್ತದೆ, ಆದ್ದರಿಂದ ಒಣಗುವ ಮೊದಲೇ ಒರೆಸಿ ತೆಗೆಯಬೇಕು. ಈಗಾಗಲೇ ಇರುವ ಕಲೆಗೆ ಬಿಳಿ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ, ನೆರಳಿನಲ್ಲಿ ಹಚ್ಚಿ, ನಿಮಿಷದೊಳಗೆ ತೊಳೆಯಿರಿ. ಮನೆಯ ಮೇಲೆ ಬಿದ್ದ ಮಳೆನೀರನ್ನು ಒಂದು ಡ್ರಮ್ಮಿಗೆ ಹಿಡಿದಿಟ್ಟುಕೊಂಡರೆ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಇನ್ನು ತಾಡಪಾಲು. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಅಲ್ಲಿಯ ಗಾಳಿಯ ಜೋರಿಗಾಗಿ ಎಂಬುದು ನಿಮಗೆ ತಿಳಿದೇ ಇದೆ. ಆಷಾಢದ ಆ ಗಾಳಿಗೆ ತಾಡಪಾಲು ದಿನವಿಡೀ ಪಟಪಟನೆ ಬಡಿಯುತ್ತಾ, ಒಳಸೇರಿದ ಧೂಳಿನಿಂದ ಮೈಯನ್ನು ಉಜ್ಜುತ್ತಲೇ ಇರುತ್ತದೆ. ಜೊತೆಗೆ ರಾತ್ರಿಯ ತೇವವನ್ನು ಒಳಗೇ ಹಿಡಿದಿಟ್ಟು ಹಗಲು ಬೇಯಿಸುತ್ತದೆ. ಅದನ್ನು ಮೆಕ್ಕೆಜೋಳದ ರಾಶಿಗೆ ಬಿಟ್ಟುಕೊಡಿ. ಪೈಪಿನ ಚೌಕಟ್ಟು ನಿಲ್ಲಿಸಿ, ನರ್ಸರಿಗಳಲ್ಲಿ ಕಟ್ಟುವ ಹಸಿರು ನೆರಳುಬಲೆಯನ್ನು ವಾಹನಕ್ಕೆ ತಾಗದಂತೆ ಎರಡಡಿ ಮೇಲೆ ಬಿಗಿಯಾಗಿ ಎಳೆದು ಕಟ್ಟಿದರೆ ಗಾಳಿಯೂ ಆಡುತ್ತದೆ, ಬಿಸಿಲೂ ತಗ್ಗುತ್ತದೆ. ಹುಣಸೆ, ಮಾವಿನ ಮರದಡಿ ನಿಲ್ಲಿಸುವುದಕ್ಕಿಂತ ಇದು ವಾಸಿ, ಏಕೆಂದರೆ ಮರದ ನೆರಳಿನ ಜೊತೆ ಅಂಟೂ ಹಕ್ಕಿಗಳ ಹಿಕ್ಕೆಯೂ ಬರುತ್ತವೆ. ಹಿಕ್ಕೆ ಆಮ್ಲಗುಣದ್ದು, ಬಿಸಿಲಿನಲ್ಲಿ ಕಾದರೆ ಬಣ್ಣದಲ್ಲಿ ಗುರುತು ಕೊರೆಯುತ್ತದೆ. ಕೆರೆಯಬೇಡಿ. ನೀರಲ್ಲಿ ನೆನೆಸಿದ ಬಟ್ಟೆಯ ತುಂಡನ್ನು ಐದು ನಿಮಿಷ ಅದರ ಮೇಲಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ.

ಪ್ರಶ್ನೆ: ಅಲ್ಯೂಮಿನಿಯಂ ತಗಡಿನ ಕ್ಯಾರವಾನ್. ಹಿಂದಿನ ಮಳೆಗಾಲ ಛಾವಣಿಯ ಜೋಡಣೆಯಿಂದ ನೀರು ಜಿನುಗಿ ಒಳಗಿನ ಪ್ಲೈವುಡ್ ಉಬ್ಬಿತು. ಗಟ್ಟಿಯಾಗುವ ಎಪಾಕ್ಸಿ ಮೆತ್ತಿಸಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಅದರಲ್ಲೂ ಬಿರುಕು.
– ಚಳ್ಳಕೆರೆ

ಉತ್ತರ: ಗಟ್ಟಿಯಾದದ್ದೇ ತಪ್ಪಾಯಿತು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಒಂದು ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಬೆಳಗಿನ ಜಾವ 20 ಡಿಗ್ರಿಯಲ್ಲಿದ್ದ ಛಾವಣಿ ನಡುಹಗಲಿಗೆ 60 ಡಿಗ್ರಿಗೇರಿದರೆ, ಆರು ಮೀಟರ್ ಉದ್ದದ ತಗಡು ಐದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿ, ರಾತ್ರಿ ಮತ್ತೆ ಕುಗ್ಗುತ್ತದೆ. ಈ ದಿನನಿತ್ಯದ ಎಳೆದಾಟಕ್ಕೆ ಎಪಾಕ್ಸಿಯಾಗಲಿ ಡಾಂಬರಾಗಲಿ ಬಗ್ಗುವುದಿಲ್ಲ. ಹಳೆಯದನ್ನು ಪ್ಲಾಸ್ಟಿಕ್ ಕರಣೆಯಿಂದ ಎಬ್ಬಿಸಿ ತೆಗೆದು, ಜಿಡ್ಡು ಒರೆಸಿ, ರಬ್ಬರಿನಂತೆ ಎಳೆಯುವ, ಬಿಸಿಲು ತಡೆಯುವಂಥ ಪಾಲಿಯುರೆಥೇನ್ ಜಾತಿಯ ಸೀಲೆಂಟ್ ತುಂಬಿಸಿ. ಪ್ಲೈವುಡ್ ಪೂರ್ತಿ ಆರುವ ಮೊದಲು ಮುಚ್ಚಿದರೆ ತೇವ ಒಳಗೇ ಉಳಿದು ಮರ ಕೊಳೆಯುತ್ತದೆ. ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ಏಣಿ ಹಾಕಿ ಪ್ರತಿ ಜೋಡಣೆಯ ಮೇಲೂ ಬೆರಳಾಡಿಸಿ ನೋಡಿ; ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಬಿಸಿಲಿನ ಚಿಂತೆಯೇ ಇರುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಹೌದೇ? ಮಬ್ಬಾದ ಕಿಟಕಿಗಳಿಗೂ ಅದನ್ನೇ ಹಾಕಬಹುದೇ?
– ಹರಿಹರ

ಉತ್ತರ: ಸಿಲಿಕಾ ಆಧಾರದ ಆ ಲೇಪ ವ್ಯಾಕ್ಸಿಗಿಂತ ಗಟ್ಟಿ, ಸರಿಯಾಗಿ ಹಚ್ಚಿದರೆ ಎರಡು ವರ್ಷದವರೆಗೂ ಬಾಳಬಹುದು, ತೊಳೆಯುವುದೂ ಸುಲಭ. ಆದರೆ ಅದು ಕೊಡೆಯಲ್ಲ. ಕೆಳಗಿರುವ ಗೀರು, ಮಂಕು ಏನಿದ್ದರೂ ಅದನ್ನೂ ಸೇರಿಸಿಯೇ ಮುಚ್ಚುತ್ತದೆ, ಆದ್ದರಿಂದ ಹೊಸ ವಾಹನಕ್ಕಾದರೆ ಹಣ ಸಾರ್ಥಕ, ಹಳೆಯದಕ್ಕಾದರೆ ಮೊದಲು ಪಾಲಿಶ್ ಕೆಲಸ ಮುಗಿಯಬೇಕು.

ಕಿಟಕಿಯ ವಿಷಯದಲ್ಲಿ ಅವಸರ ಮಾಡಬೇಡಿ. ಕ್ಯಾರವಾನ್‌ಗಳ ಮಗ್ಗುಲ ಕಿಟಕಿಗಳು ಬಹಳಷ್ಟು ಕಡೆ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಬೆರಳ ಗೆಣ್ಣಿನಿಂದ ತಟ್ಟಿದರೆ ಗಾಜಿನ ಠಣ್ ಬದಲು ಮಂದ ಸದ್ದು ಬರುತ್ತದೆ. ಸ್ಟಿಕ್ಕರಿನ ಅಂಟು ತೆಗೆಯಲು ನಾನೊಮ್ಮೆ ಅಂಥ ಕಿಟಕಿಗೆ ಥಿನ್ನರ್ ಹಚ್ಚಿದೆ. ಅಂಟು ಹೋಯಿತು, ಆದರೆ ಮರುದಿನ ಬೆಳಿಗ್ಗೆ ಒಣಗಿದ ಕೆರೆಯಂಗಳದಂತೆ ಕೂದಲೆಳೆಯ ಬಿರುಕುಗಳು ಎದ್ದಿದ್ದವು, ಆ ಕಿಟಕಿಯನ್ನೇ ಬದಲಿಸಬೇಕಾಯಿತು. ಥಿನ್ನರ್, ಪೆಟ್ರೋಲ್, ಸ್ಪಿರಿಟ್, ಅಮೋನಿಯಾ ಇರುವ ಗಾಜು ಕ್ಲೀನರ್ ಯಾವುದೂ ಬೇಡ. ಸೋಪಿನ ನೀರು ಸಾಕು, ಮಬ್ಬಿಗೆ ಪ್ಲಾಸ್ಟಿಕ್‌ಗೆಂದೇ ಮಾರುವ ಪಾಲಿಶ್ ಬಳಸಿ. ಕೋಟಿಂಗ್ ಹಾಕಿಸುವುದಿದ್ದರೆ ಅಕ್ರಿಲಿಕ್‌ಗೆ ಸಲ್ಲುತ್ತದೆಂದು ಅದರ ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಒಪ್ಪಿಕೊಳ್ಳಿ.

ಪ್ರಶ್ನೆ: ವರ್ಷದಲ್ಲಿ ಎರಡು ಬಾರಿ ಮಾತ್ರ ಓಡುವ ನಮ್ಮ ಕ್ಯಾರವಾನ್‌ನ ಟೈರುಗಳ ಗುಂಡಿ (ನೆಲಕ್ಕೆ ತಾಗುವ ಉಬ್ಬಚ್ಚು) ಸವೆದಿಲ್ಲ, ಆದರೆ ಬದಿಗಳಲ್ಲಿ ಸಣ್ಣ ಸೀಳುಗಳಿವೆ. ಬಿಸಿಲಿಗೆ ಹಚ್ಚುವ ಯಾವುದಾದರೂ ಲೇಪ ಇದೆಯೇ? ಟೈರಿನ ಮೇಲೆ 1416 ಎಂಬ ಅಂಕಿ ಇದೆ.
– ಹೊಸದುರ್ಗ

ಉತ್ತರ: ಹೊಸ ಟೈರಿಗೆ ಲೇಪಕ್ಕಿಂತ ಬಿಳಿ ಬಟ್ಟೆಯ ಮುಸುಕು ಒಳ್ಳೆಯದು, ಪೆಟ್ರೋಲಿಯಂ ಆಧಾರದ ಹೊಳಪುದ್ರವಗಳು ರಬ್ಬರಿನೊಳಗಿನ ರಕ್ಷಕ ಅಂಶವನ್ನೇ ತೊಳೆದುಬಿಡುತ್ತವೆ. ಆದರೆ ನೀವು ಬರೆದಿರುವ ಅಂಕಿಯ ಅರ್ಥ ಆ ಟೈರು 2016ರ 14ನೆಯ ವಾರದಲ್ಲಿ ತಯಾರಾದದ್ದು ಎಂದು. ಗುಂಡಿ ಎಷ್ಟೇ ಉಳಿದಿರಲಿ, ರಬ್ಬರಿಗೆ ವಯಸ್ಸಾಗಿದೆ, ಆ ಸೀಳುಗಳೇ ಅದರ ಗುರುತು. ಅದಕ್ಕೆ ಏನನ್ನೂ ಹಚ್ಚಬೇಡಿ, ಮುಂದಿನ ಪ್ರವಾಸಕ್ಕೆ ಮೊದಲು ನಾಲ್ಕನ್ನೂ ಬದಲಿಸಿ, ಸ್ಟೆಪ್ನಿಯ ಅಂಕಿಯನ್ನೂ ನೋಡಿ.